ವಲ್ಲಿಯ ಕೆಳಗಿನ ಬೆಲೆ

ಇದು ನಡೆದದ್ದು ಹೀಗೆಯೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಪುಣೆಯ ಕಾಲೇಜಿನಲ್ಲಿ ಕಲಿತ ಮೇಲೆ ಊರವರ ಮಾತನ್ನೆಲ್ಲ ಅನುಮಾನಿಸುವ ಚಟ ಹತ್ತಿತು. ಈಗ ಅದು ನನ್ನ ನೆನಪಿಗೇ ತಿರುಗಿಬಿದ್ದಿದೆ. ಅಂದು ಸುಡುವ ಬಿಸಿಲಿತ್ತೆಂದು ನನ್ನ ನೆನಪು. ಮೋಡವಿತ್ತು ಎನ್ನುತ್ತಾಳೆ ಹೆಂಡತಿ.

ಆಗ ನಾನು ರಾಮದುರ್ಗದಲ್ಲಿ ಸಾಲೆಯ ಮಾಸ್ತರ. ಬಾಡಿಗೆಗೆ ಹಿಡಿದ ಒಂದೇ ಕೋಣೆ. ಹೆಂಡತಿಗೆ ದಿನ ತುಂಬುತ್ತ ಬಂದಿದ್ದವು. ಓಣಿಯ ತುದಿಗೆ ಅರಳೆ ವ್ಯಾಪಾರಿಯೊಬ್ಬನ ಮಣ್ಣಿನ ಮಾಳಿಗೆ ಮನೆ ಮಾರಾಟಕ್ಕಿತ್ತು. ಮುಂಗಡವಾಗಿ ಸಂಚಕಾರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಸುದ್ದಿ ತಿಳಿದು ನಮ್ಮೂರು ಚಚಡಿಯಿಂದ ಅಪ್ಪ, ಅವ್ವ ಬೇರೆಯವರ ಚಕ್ಕಡಿ ಕಟ್ಟಿಸಿಕೊಂಡು ಬಂದರು. ಅಪ್ಪ ತಾನೇ ಸಾಕಿದ ಹೋರಿಗಳ ಜೋಡಿ ಮಾರಿದ್ದ. ಅವ್ವನ ಕೊರಳಲ್ಲಿ ಬಂಗಾರದ ಪುತಳಿ ಸರ ಇರಲಿಲ್ಲ. ಅವರು ತಂದ ಹಣವನ್ನು ಸಾಲವೆಂದು ತೆಗೆದುಕೊಳ್ಳುತ್ತೇನೆ ಎಂದೆ.

"ಹಡದವರ ಕಡೆ ಸಾಲಾ ತಗೋತಾನಂತ. ಭಾಳ ಕಲತಾನ ನೋಡವಾ ನಿನ್ನ ಗಂಡ" ಎಂದು ಅವ್ವ ಸೊಸೆಗೆ ಹೇಳಿದಳು.

ವ್ಯಾಪಾರಿಯ ಕಟ್ಟೆಯ ಮೇಲೆ ಓಣಿಯ ಹಿರಿಯರು ಕುಳಿತಿದ್ದರು. ಬೆಲೆಯನ್ನು ಎಲ್ಲರ ಎದುರು ಬಾಯಿಬಿಟ್ಟು ಹೇಳಿರೆಂದು ನಾನು ಕೇಳಿಕೊಂಡೆ.

"ಮಾಸ್ತರ್ರ, ಇದು ಸಾಲಿ ಮಗ್ಗಿ ಅಲ್ರಿ, ಒದರಿ ಹೇಳಾಕ" ಎಂದ ವ್ಯಾಪಾರಿ. ಹಿರಿಯರು ನಕ್ಕರು.

ಅಷ್ಟರಲ್ಲಿ ಅಪ್ಪ ಹೆಗಲ ಮೇಲಿನ ವಲ್ಲಿಯನ್ನು ತನ್ನ ಮತ್ತು ವ್ಯಾಪಾರಿಯ ಕೈಗಳ ಮೇಲೆ ಹಾಸಿಬಿಟ್ಟಿದ್ದ. ಎತ್ತಿಗಾಗಲಿ ಅರಳೆಗಾಗಲಿ ಅವನು ಹಾಗೆಯೇ ಬೆಲೆ ಕಟ್ಟುತ್ತಿದ್ದ: ಬಟ್ಟೆಯ ಕೆಳಗೆ ಬೆಲೆಯ ಲೆಕ್ಕಕ್ಕೆ ಬೆರಳು ಹಿಡಿದು, ಬಾಯಿ ಮುಚ್ಚಿಕೊಂಡು. ಬಟ್ಟೆ ಒಂದಿಷ್ಟು ಅಲುಗಾಡಿತು. ಇಬ್ಬರೂ ತಲೆಯಾಡಿಸಿದರು. ಅಪ್ಪ ಎಲೆ ಅಡಿಕೆಯ ಜೊತೆ ಸಂಚಕಾರ ಕೊಟ್ಟ.

ಅದೇ ಹಿರಿಯರೊಂದಿಗೆ ಖರೇದಿ ಪತ್ರ ಬರೆಸಲು ಹೋದಾಗ ವ್ಯಾಪಾರಿ ಹೇಳಿದ ಬೆಲೆ ಕೇಳಿ ಅಪ್ಪ "ಅಷ್ಟಲ್ಲ" ಎಂದ. ಅಷ್ಟೊಂದು ಹೊಂದಿಸಬೇಕಾದರೆ ಹೊಲವನ್ನೇ ಮಾರಬೇಕಿತ್ತು.

"ಹಂಗಾರ ಎಷ್ಟರಿ ಗೌಡ್ರ? ನಾಕ ಮಂದ್ಯಾಗ ಹೇಳ್ರಿ."

ಅಪ್ಪ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. ಅವನನ್ನು ಪಕ್ಕಕ್ಕೆ ಕರೆದು, ಹೇಳಿಬಿಡು ಎಂದು ಅಂಗಲಾಚಿದೆ.

"ವಲ್ಲಿ ಒಳಗಿನ ಮಾತು ಬಾಯಾಗ ತಂದಾಂವಗ ಸವದತ್ತಿ ಸಂತ್ಯಾಗ ಯಾರು ಕೈ ಕೊಡತಾರೋ, ತಮ್ಮಾ?"

ಬೆಲೆ ಹೊಂದದಿದ್ದರೆ ಸಂತೆಯಲ್ಲಿ ಸಂಚಕಾರ ಮರಳಿ ಬರುತ್ತಿತ್ತು. ಅದನ್ನೇ ಹಿಡಿದು ವಾದಿಸಿದೆ. ಅದು ಎತ್ತಿನ ಕಟ್ಟಳೆ, ಇದು ಮನೆ, ಹಿಂದೆ ಸರಿದವರ ಸಂಚಕಾರ ಮುಳುಗಿತು ಎಂದ ವ್ಯಾಪಾರಿ. ಬೆಲೆಗೆ ಸಂತೆಯ ಕಟ್ಟಳೆ, ಹಣಕ್ಕೆ ಮಾತ್ರ ಮನೆಯ ಕಟ್ಟಳೆಯೇ ಎಂದು ಕೇಳಿದೆ. ಹಿರಿಯರು ಎಲೆಗೆ ಸುಣ್ಣ ಹಚ್ಚುತ್ತ ಕುಳಿತರು. ಕೋರ್ಟಿಗೆ ಹೋಗೋಣವೆಂದರೆ ಇದ್ದ ಒಬ್ಬನೇ ಸಾಕ್ಷಿ ಅಪ್ಪ, ಅವನು ಬಾಯಿ ತೆರೆಯುವವನಲ್ಲ.

ಮಗಳು ಬಾಡಿಗೆ ಕೋಣೆಯಲ್ಲೇ ಹುಟ್ಟಿದಳು. ತೊಟ್ಟಿಲು ಹಾಕಿದ ಮೇಲೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಕೂಸನ್ನು ನೋಡಲು ಬಂದ ಅವ್ವ ಅಡ್ಡಲಾಗಿ ನುಸುಳಿ ಒಳಗೆ ಬಂದಳು.

ಅಪ್ಪ ತೀರಿಕೊಳ್ಳುವವರೆಗೂ ಆ ಬೆಲೆ ಹೇಳಲಿಲ್ಲ. ಅವನ ಬೆರಳೇ ತಪ್ಪಿತ್ತೋ ಏನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. "ಅಷ್ಟಲ್ಲ" ಎಂದು ಅವನು ನಿಜಕ್ಕೂ ಅಂದನೇ, ನಾನು ಆಮೇಲೆ ಸೇರಿಸಿಕೊಂಡೆನೇ, ಅದೂ ಗೊತ್ತಿಲ್ಲ. ಒಂದನ್ನು ಮಾತ್ರ ವಿಚಾರಿಸಿ ಖಾತ್ರಿ ಮಾಡಿಕೊಂಡಿದ್ದೇನೆ. ಮುಂದೆ ಆ ಮನೆ ಕೊಂಡ ನೇಕಾರನನ್ನೇ ಕೇಳಿದೆ. ಅವನಿಗೆ ಅದು ವ್ಯಾಪಾರಿ ನಮ್ಮಿಂದ ಕೇಳಿದ್ದಕ್ಕಿಂತ ಕಡಿಮೆಗೆ ಸಿಕ್ಕಿತ್ತು.