ಎಡಗಡೆಯ ಸದ್ದು

ನಮ್ಮ ವಿಶ್ವನಾಥ ಭಾವನ ಕಿವಿಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಪಕ್ಕದಲ್ಲೇ ಕೂತು ಕಾಫಿ ಬೇಕೇ ಎನ್ನುವುದಕ್ಕೂ ಅವರನ್ನು ಎರಡು ಸಲ ಕೇಳಬೇಕು. ಮದುವೆ ಮನೆಯಲ್ಲಿ ಬೀಗರೇ ನಿಂತು ಕೂಗಿದರೂ ತಿರುಗುವುದಿಲ್ಲ. ಆದರೆ ಅವರ ಕಾರಿನ ಮುಂದಿನ ಚಕ್ರದ ಹಿಂದೆ ಎಲ್ಲೋ ಒಂದು ರಬ್ಬರ್ ಚೂರು ಸವೆದರೆ ಅದು ಮಾತ್ರ ಕೇಳಿಸುತ್ತದೆ. "ಆ ಕಿವೀಲಿ ಅರ್ಧ ನನ್ನ ಕಡೆ ಇಟ್ಟಿದ್ರೆ ನನ್ನ ಸಂಸಾರ ಇನ್ನೊಂದು ಥರ ಇರ್ತಿತ್ತು" ಎಂದು ನಮ್ಮಕ್ಕ ಗಿರಿಜಾಂಬಾ ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದಾಳೆ. ಅದೂ ಅವರಿಗೆ ಕೇಳಿಸಿಲ್ಲ.

ಕಾರು ಬೂದು ಬಣ್ಣದ್ದು, ಹಿಂದೆ ಉದ್ದ ಡಿಕ್ಕಿ ಇರುವಂಥದ್ದು. ಅದನ್ನು ಕೊಂಡ ಕಾಲದಲ್ಲಿ ಸರಸ್ವತಿಪುರಂನ ಸಂಬಳದ ಜನ ಸಣ್ಣ ಕಾರು ತರುತ್ತಿದ್ದರು. ಭಾವ ಮಾತ್ರ "ಡಿಕ್ಕಿ ಇಲ್ದಿದ್ರೆ ಅದು ಕಾರಲ್ಲ, ಚಪ್ಪಲಿ" ಎಂದು ಹಟ ಹಿಡಿದರು. ಈಗ ಅದಕ್ಕೂ ವಯಸ್ಸಾಗಿದೆ. ಅದರ ಬಣ್ಣ ಮಾಸಿರುವುದು ಎಲ್ಲರಿಗೂ ಕಾಣುತ್ತದೆ, ಅವರಿಗೆ ಕಾಣುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಸ್ಕೂಟರಿನವನು, ಕಾರಿನ ಮೇಲೆ ನನಗೆ ಅಂಥ ಗೌರವವೇನೂ ಇಲ್ಲ, ಆದ್ದರಿಂದ ಈ ಮಾತನ್ನು ಅವರ ಎದುರಿಗೇ ಹೇಳಿದ್ದೇನೆ.

ಭಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಅಂಗಡಿಗಳಿಗೆ ಹೋಗಿ ತಕ್ಕಡಿ, ತೂಕದ ಬಟ್ಟು ಪರೀಕ್ಷೆ ಮಾಡಿ ಮುದ್ರೆ ಒತ್ತುವ ಕೆಲಸ. ನಮ್ಮ ಸೋದರಮಾವ ಮರಿಯಯ್ಯನವರ ದಿನಸಿ ಅಂಗಡಿಯ ತಕ್ಕಡಿ ಒಂದಿಷ್ಟು ವಾಲುತ್ತಿತ್ತು. ಮದುವೆಯಾದ ಹೊಸದರಲ್ಲೇ, ಹೆಣ್ಣು ಕೊಟ್ಟ ಮನೆಯ ಹಿರಿಯ ಎಂದೂ ನೋಡದೆ, ಭಾವ ಅದನ್ನು ಎತ್ತಿಕೊಂಡು ಹೋದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮಾವ ನಮ್ಮ ಮನೆಯ ಹಬ್ಬಕ್ಕೆ ಬರುವುದನ್ನೇ ಕೆಲವು ವರ್ಷ ಬಿಟ್ಟಿದ್ದರು. ಇದನ್ನು ಯಾಕೆ ಹೇಳಿದೆನೆಂದರೆ, ಈ ಮನುಷ್ಯ ಇಲ್ಲದ್ದನ್ನು ಇದೆ ಎಂದು ಹೇಳುವವರಲ್ಲ. ಅದು ನಿಮಗೆ ಮುಂದೆ ಬೇಕಾಗುತ್ತದೆ.

ಭಾನುವಾರ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಗಂಡ ಹೆಂಡತಿ ಹೊರಡುತ್ತಿದ್ದರು. ನಂಜನಗೂಡು, ತಲಕಾಡು, ಮೇಲುಕೋಟೆ, ಏನೂ ಇಲ್ಲದಿದ್ದರೆ ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಗೋಕುಲಂ ಸುತ್ತಿ ಮನೆಗೆ. ಎಷ್ಟೋ ಸಲ ನಾನೂ ಹಿಂದಿನ ಸೀಟಿನಲ್ಲಿ ಇರುತ್ತಿದ್ದೆ. ಫ್ಲಾಸ್ಕಿನ ಮುಚ್ಚಳದ ತುಂಬ ಕಾಫಿ ಹಿಡಿದುಕೊಂಡು ಕೂತಿದ್ದರೂ ಹಂಪ್ ದಾಟುವಾಗ ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ, ಹಾಗೆ ಓಡಿಸುತ್ತಿದ್ದರು. ಕಚೇರಿಯಲ್ಲಿ, ಮನೆಯಲ್ಲಿ ಮುಖ ಗಂಟಿಕ್ಕಿಕೊಂಡೇ ಇರುವ ಆ ಮನುಷ್ಯ ಸ್ಟೇರಿಂಗ್ ಹಿಡಿದಾಗ ಮಾತ್ರ ಬೇರೆಯೇ ಆಗುತ್ತಿದ್ದರು. ಬಾಯಲ್ಲಿ ಸಣ್ಣಗೆ ಯಾವುದೋ ವಚನದ ಧಾಟಿ ಬರುತ್ತಿತ್ತು. ನಾವು ಮಾತಾಡಿದರೆ ಸಿಟ್ಟು ಬರುತ್ತಿತ್ತು. ಆ ಹೊತ್ತಿನಲ್ಲಿ ಅವರು ಸುಖವಾಗಿದ್ದರು, ಅಷ್ಟೇ.

ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಅವರಿಗೆ ಸ್ಟ್ರೋಕ್ ಆಯಿತು. ಶಿವನ ದಯೆ, ಕೈಕಾಲು ಕೆಲವೇ ತಿಂಗಳಲ್ಲಿ ಸ್ವಾಧೀನಕ್ಕೆ ಬಂದವು, ಮಾತೂ ಬಂತು. ಬಾರದೆ ಹೋದದ್ದು ಎಡಗಡೆಯ ನೋಟ. ಕಣ್ಣು ಎರಡೂ ಚೆನ್ನಾಗಿಯೇ ಇವೆ, ಆದರೆ ಎಡಭಾಗದಲ್ಲಿ ಇರುವುದು ಅವರ ಪಾಲಿಗೆ ಇಲ್ಲ. ತಟ್ಟೆಯಲ್ಲಿ ಬಲಗಡೆಯ ಅನ್ನ ತಿಂದು ಎದ್ದುಬಿಡುತ್ತಾರೆ, ಎಡಗಡೆಯ ಪಲ್ಯ ಹಾಗೇ ಉಳಿದಿರುತ್ತದೆ. ಅಕ್ಕ ಏನೂ ಹೇಳದೆ ಊಟದ ನಡುವೆ ತಟ್ಟೆಯನ್ನು ತಿರುಗಿಸಿಡುತ್ತಾಳೆ. ಡಾಕ್ಟರು ಹೇಳಿದ್ದು ಒಂದೇ ಮಾತು, ಇನ್ನು ಮೇಲೆ ವಾಹನ ಓಡಿಸುವುದು ಬೇಡ. ಭಾವ ವಾದ ಮಾಡಲಿಲ್ಲ. ಮನೆಗೆ ಬಂದು ಕಾರಿನ ಬೀಗದ ಕೈಯನ್ನು ಅಕ್ಕನ ಕೈಗೆ ಕೊಟ್ಟರು.

ಮಾರಿಬಿಡಿ ಎಂದು ಹಾಸನದಲ್ಲಿರುವ ಅವರ ಮಗಳು ಐಶ್ವರ್ಯ ಫೋನಿನಲ್ಲಿ ಹೇಳಿದಳು, ನಾನೂ ಹೇಳಿದೆ. ಅಕ್ಕ ಮಾತ್ರ ಅರವತ್ತರ ಹತ್ತಿರದ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡಳು. ಕಾಲೇಜು ಹುಡುಗಿಯರ ಮಧ್ಯೆ ಕೂತು ಕಲಿತಳು, ಲೈಸೆನ್ಸೂ ತಂದಳು. ಜಯಲಕ್ಷ್ಮಿಪುರಂನಲ್ಲಿರುವ ನಮ್ಮ ಮನೆಗೆ ಅವಳು ಕಾರು ತಂದರೆ ಬೀದಿಯ ಆ ತುದಿಯಿಂದಲೇ ಗೊತ್ತಾಗುತ್ತಿತ್ತು, ಎರಡನೇ ಗೇರಿನಲ್ಲಿ ಅಳುತ್ತಾ ಬರುತ್ತಿತ್ತು. ಭಾವ ಎಡಗಡೆಯ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರು. ಹೆದರಿಕೆಯಿಂದ ಎಂದು ನಾನು ಅಂದುಕೊಂಡಿದ್ದೆ.

ಅವರು ಕಿವಿಗೊಟ್ಟು ಕೂತಿದ್ದರು.

"ಗಿರಿಜಾ, ಹಂಪ್ ಮೇಲೆ ಹೋದಾಗ ಎಡಗಡೆ ಗುಡುಗುಡು ಅಂತಿದೆ."

"ನನಗೇನೂ ಕೇಳ್ಸ್ಲಿಲ್ಲಪ್ಪ."

"ಅಂತಿದೆ. ಚಂದ್ರು ಹತ್ರ ತೋರ್ಸ್ಬೇಕು."

ಚಂದ್ರುವಿನ ಗ್ಯಾರೇಜು ಪಡುವಾರಹಳ್ಳಿಯಲ್ಲಿ. ಒಬ್ಬನೇ ಕೆಲಸ ಮಾಡುತ್ತಾನೆ. ನೋಡಿದ, ಚಕ್ರದ ಹಿಂದಿನ ಒಂದು ಲಿಂಕ್ ರಾಡ್ ಸಡಿಲವಾಗಿತ್ತು, ಹಾಕಿಕೊಟ್ಟ. ಸ್ವಲ್ಪ ದಿನ ಕಳೆಯಿತು. ತಿರುಗಿಸುವಾಗ ಕಿರ್ ಎನ್ನುತ್ತಿದೆ ಎಂದರು ಭಾವ. ಹೋದರು, ಯಾವುದೋ ರಬ್ಬರ್ ಬುಷ್ ಒಣಗಿ ಬಿರುಕು ಬಿಟ್ಟಿತ್ತು. ಆಮೇಲೆ ಬೆಳಗಿನ ಹೊತ್ತು ಸ್ಟೇರಿಂಗ್ ಗಟ್ಟಿ ಎಂದರು, ನೋಡಿದರೆ ಎಣ್ಣೆ ಸೋರುತ್ತಿತ್ತು. ಇನ್ನೊಂದು ದಿನ ಕಾರು ಎಡಕ್ಕೆ ಎಳೆಯುತ್ತಿದೆ ಎಂದರು.

"ಕೈ ಬಿಟ್ರೆ ಎಡಕ್ಕೆ ಹೋಗುತ್ತೆ, ನೋಡು ಬೇಕಾದ್ರೆ."

"ನಾನ್ಯಾಕ್ರೀ ಕೈ ಬಿಡ್ಲಿ?" ಎಂದಳು ಅಕ್ಕ.

ಆದರೂ ಹೋದಳು. ನನಗೆ ಮಾತ್ರ ಅನುಮಾನ ಶುರುವಾಯಿತು. ನನ್ನ ಸ್ವಭಾವವೇ ಹಾಗೆ, ಹಾಲಿನಲ್ಲೂ ಹರಳು ಹುಡುಕುತ್ತೇನೆ. ಹಳೆ ಕಾರಿಗೆ ಇಷ್ಟೆಲ್ಲ ಮಾಡಿಸುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಮುದುಕರಿಬ್ಬರನ್ನು ಈ ಚಂದ್ರು ಚೆನ್ನಾಗಿ ಆಡಿಸುತ್ತಿದ್ದಾನೆ ಎಂದು ತೀರ್ಮಾನಿಸಿ, ಮುಂದಿನ ಸಲ ನಾನೂ ಬರುತ್ತೇನೆ ಎಂದೆ. ಮುಂದಿನ ಸಲ ಬಹಳ ದೂರವೇನೂ ಇರಲಿಲ್ಲ.

ಆವತ್ತಿನ ದೂರು ಸ್ಟೇರಿಂಗ್ ಅಲ್ಲಾಡಿಸಿದರೆ ಕೆಳಗಿನಿಂದ ಟಕ್ ಎನ್ನುತ್ತದೆ ಎಂಬುದು. ಗ್ಯಾರೇಜಿನಲ್ಲಿ ನೆಲ ತೋಡಿ ಮಾಡಿದ ಗುಂಡಿ ಇದೆ, ಅದರ ಎರಡು ಬದಿಗೆ ಚಕ್ರ ಬರುವಂತೆ ಕಾರು ನಿಲ್ಲಿಸುತ್ತಾರೆ. ಅಕ್ಕ ನಿಲ್ಲಿಸಿ ಇಳಿದಳು. ಗೇಟಿನ ಹತ್ತಿರದ ಹೊಂಗೆ ಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಅದನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು, ನಮಗೆ ಬೆನ್ನು ಹಾಕಿ, ಹೂ ಕಟ್ಟುವ ಬೆಟ್ಟಮ್ಮನ ಜೊತೆ ಮಾತಿಗೆ ಕೂತಳು. ಚಂದ್ರು ಚಕ್ರಗಳಿಗೆ ಕಲ್ಲು ಕೊಟ್ಟು ಗುಂಡಿಗೆ ಇಳಿದ.

"ಸಾರ್, ಹತ್ಕೊಂಬುಡಿ. ನ್ಯೂಟ್ರಲ್ ನೋಡ್ಕೊಂಡು ಸ್ಟಾರ್ಟ್ ಮಾಡಿ" ಎಂದ ಕೆಳಗಿನಿಂದ.

ಗುಂಡಿಯಲ್ಲಿ ನಿಂತು ನೋಡುವವನಿಗೆ ಮೇಲೆ ಒಬ್ಬರು ಕೂತು ಸ್ಟೇರಿಂಗ್ ಆಡಿಸಬೇಕು. ಆಗಲೇ ಯಾವ ಕೀಲು ಸಡಿಲ ಎಂಬುದು ಕೈಗೆ ಸಿಗುವುದು. ನಾನು ಹತ್ತಲು ಮುಂದೆ ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಭಾವ ಬಾನೆಟ್ಟಿನ ಮೇಲೆ ಕೈ ಊರಿಕೊಂಡು ಸುತ್ತಿ ಬಲಗಡೆಯ ಬಾಗಿಲಿಗೆ ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟರು. ಒಳಗೆ ಕೂತು, ಕುಳ್ಳಗಿರುವ ಅಕ್ಕನಿಗಾಗಿ ಮುಂದೆ ತಂದಿದ್ದ ಸೀಟನ್ನು ಹಿಂದಕ್ಕೆ ತಳ್ಳಿದರು. ಹ್ಯಾಂಡ್ ಬ್ರೇಕ್ ಮುಟ್ಟಿ ನೋಡಿದರು. ಕತ್ತು ತಿರುಗಿಸಿ, ಒಳಗಿನ ಕನ್ನಡಿಯನ್ನು ತಮ್ಮ ಎತ್ತರಕ್ಕೆ ಸರಿಮಾಡಿಕೊಂಡರು. ಎಲ್ಲಿಗೂ ಹೋಗದ ಕಾರಿನಲ್ಲಿ ಕನ್ನಡಿ ಸರಿಮಾಡಿಕೊಳ್ಳುವುದನ್ನು ನೋಡಿ, ಮುಂದಿಟ್ಟ ಹೆಜ್ಜೆಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ.

ಎಂಜಿನ್ ಹತ್ತಿತು.

"ಎಡಕ್ಕೆ ತಿರುಗ್ಸಿ ಸಾರ್. ಪೂರ್ತಿ. ಈಗ ಬಲಕ್ಕೆ. ಈಗ ಸಣ್ಣಗೆ ಅಲ್ಲಾಡ್ಸ್ತಾ ಇರಿ."

ಭಾವ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರು. ಎದುರಿಗೆ ಇದ್ದದ್ದು ಗ್ಯಾರೇಜಿನ ಗೋಡೆ, ಅದರ ಮೇಲೆ ನೇತುಹಾಕಿದ ಹಳೆಯ ಟೈರು. ಅವರು ಅದನ್ನು ನಂಜನಗೂಡಿನ ರಸ್ತೆ ನೋಡುವ ಹಾಗೆ ನೋಡುತ್ತಿದ್ದರು. ಮುಖದ ಗಂಟು ಬಿಚ್ಚಿತ್ತು. ಸಣ್ಣಗೆ ಆ ಧಾಟಿ ಕೇಳಿಸಿತು. ಸ್ಟ್ರೋಕ್ ಆದ ಮೇಲೆ ಅದನ್ನು ನಾನು ಕೇಳಿರಲೇ ಇಲ್ಲ. ನನಗೆ ಅಳು ಬಂತು ಎಂದು ಹೇಳಿಕೊಳ್ಳಲು ಈ ವಯಸ್ಸಿನಲ್ಲಿ ನಾಚಿಕೆಯೇನಿಲ್ಲ. ಚಂದ್ರು ದೋಷ ಹಿಡಿದು "ಸಿಕ್ತು ಸಾರ್, ಸಾಕು" ಎಂದ ಮೇಲೂ ಅವರ ಕೈ ಅಲ್ಲೇ ಇತ್ತು. ಇಳಿಯುವ ಮುಂಚೆ ಸೀಟನ್ನು ಮುಂದಕ್ಕೆ ತಂದರು, ಕನ್ನಡಿಯನ್ನು ಮೊದಲಿನಂತೆ ತಗ್ಗಿಸಿದರು.

ಸಂಜೆ ಅಡುಗೆಮನೆಯಲ್ಲಿ, ಕಂಡದ್ದನ್ನು ಅಕ್ಕನಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಗೊತ್ತು ಕಣೋ ನಾಗಾ. ಮೊದಲ್ನೇ ಸಲ ಸೀಟು ಮುಂದಕ್ಕೆ ತರೋದು ಮರ್ತ್ಬುಟ್ಟಿದ್ರು. ನನ್ನ ಕಾಲು ಕ್ಲಚ್ಚಿಗೆ ಎಟುಕ್ಲೇ ಇಲ್ಲ."

"ಮತ್ತೆ ನೀನು ಯಾಕೆ ಆ ಕಡೆ ತಿರುಗಿ ಕೂತ್ಕೊತೀಯ?"

"ನಾನು ನೋಡ್ತಾ ಇದ್ರೆ ಅವರು ಕೂತ್ಕೊಳ್ತಾರಾ?" ಎಂದಳು. ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ, "ನನಗೂ ಅವರ ಪಕ್ಕದಲ್ಲಿ ಕೂತು ಹೋಗ್ಬೇಕು ಅನ್ಸುತ್ತೆ ಕಣೋ. ಎಷ್ಟು ಓಡ್ಸಿದ್ರೂ ನನಗೆ ಆ ಬಲಗಡೆ ಸೀಟು ನನ್ನದು ಅನ್ಸಲ್ಲ" ಎಂದಳು.

ಆಮೇಲೆ ಬಂದದ್ದು ಒಳ್ಳೆಯ ಸುದ್ದಿ. ಒಂದು ದಿನ ಚಂದ್ರು ಶಾಕ್ ಅಬ್ಸಾರ್ಬರ್ ಎರಡನ್ನೂ ಬದಲಾಯಿಸಿ, ಕೈ ಒರೆಸಿಕೊಳ್ಳುತ್ತಾ, "ಮುಂದ್ಗಡೆ ಎಲ್ಲಾ ಹೊಸದಾಗೋಯ್ತು ಸಾರ್. ಸದ್ಯಕ್ಕೆ ಈ ಕಡೆ ತಲೆ ಹಾಕೋದೇ ಬೇಕಾಗಿಲ್ಲ ನೀವು" ಎಂದು ನಕ್ಕ. ಅವನು ಸಂತೋಷಕ್ಕೇ ಹೇಳಿದ್ದು. ಭಾವ ಹೂಂ ಎಂದು ಎಡಗಡೆಯ ಸೀಟಿಗೆ ಹೋಗಿ ಕೂತರು.

ಕಾರು ನಿಶ್ಶಬ್ದವಾಯಿತು. ಭಾನುವಾರಗಳಲ್ಲಿ ಭಾವ ಕಣ್ಣು ಮುಚ್ಚಿ ಕೂತೇ ಕೂತರು. ಒಂದೊಂದು ಹಂಪ್ ಬಂದಾಗಲೂ ಅವರ ಕತ್ತು ಸ್ವಲ್ಪ ಬಾಗುತ್ತಿತ್ತು, ಮತ್ತೆ ನೆಟ್ಟಗಾಗುತ್ತಿತ್ತು. ಬೇರೆಯವರಾಗಿದ್ದರೆ ಒಂದು ಸುಳ್ಳು ಸದ್ದು ಹುಟ್ಟಿಸಿಬಿಡುತ್ತಿದ್ದರು. ಸೋದರಮಾವನ ತಕ್ಕಡಿ ಬಿಡದ ಮನುಷ್ಯ, ತಮಗಾಗಿ ಒಂದು ಸುಳ್ಳು ಹೇಳುತ್ತಾರೆಯೇ? ಬರಬರುತ್ತಾ "ನೀನೇ ಹೋಗ್ಬಾ ಗಿರಿಜಾ" ಎನ್ನತೊಡಗಿದರು. ಫ್ಲಾಸ್ಕು ಅಲಮಾರಿನ ಮೇಲಕ್ಕೆ ಹೋಯಿತು.

ನಾನು ಸುಮ್ಮನಿರಲಾರದೆ ಒಂದು ಉಪಾಯ ಹೇಳಿದೆ. "ಭಾವ, ಬೋಗಾದಿ ಆಚೆ ಹೊಸ ಬಡಾವಣೆ ಇದೆ. ಇನ್ನೂ ಒಂದು ಮನೆ ಎದ್ದಿಲ್ಲ, ರಸ್ತೆ ಖಾಲಿ. ನಾನು ಪಕ್ಕದಲ್ಲಿ ಇರ್ತೀನಿ. ಒಂದು ಸುತ್ತು ನಿಧಾನಕ್ಕೆ ಓಡ್ಸಿ."

ಅವರು ಓದುತ್ತಿದ್ದ ಪೇಪರನ್ನು ಮಡಚಿದರು. ಆಸೆ ಮುಖದಲ್ಲಿ ಬಂದು ನಿಂತಿತ್ತು, ನಾನು ಕಂಡೆ. ಆಮೇಲೆ, "ಬೇಡ ಕಣೋ. ಎಡಗಡೆಯಿಂದ ಒಂದು ಮಗು ಓಡಿ ಬಂದ್ರೆ ನನಗೆ ಕಾಣ್ಸಲ್ಲ" ಎಂದರು. ಇನ್ನು ಆ ವಿಷಯ ಎತ್ತಬೇಡ ಎನ್ನುವಂತೆ ಪೇಪರನ್ನು ಮತ್ತೆ ಬಿಡಿಸಿಕೊಂಡರು.

ಹೋದ ತಿಂಗಳು ಒಂದು ಭಾನುವಾರ ಅಕ್ಕ ನನ್ನನ್ನು ಕರೆಸಿ, ಮೂರು ಜನವೂ ಹೋಗೋಣ ಎಂದು ಹಟ ಮಾಡಿ ಭಾವನನ್ನು ಹೊರಡಿಸಿದಳು. ಕೆರೆಯ ಪಕ್ಕದ ರಸ್ತೆಯಲ್ಲಿ ಒಂದು ಹಂಪ್ ದಾಟಿದ್ದೇ ತಡ, "ರೀ, ಎಡಗಡೆ ಏನೋ ಟಕ್ ಅಂತು" ಎಂದಳು.

ಭಾವ ಕಣ್ಣು ಮುಚ್ಚಿದರು. ಮುಂದಿನ ಹಂಪ್ ಬಂತು. ಹಿಂದೆ ಕೂತ ನನಗೆ ಕೇಳಿಸಿದ್ದು ಅಕ್ಕನ ಬಳೆಯ ಸದ್ದು ಮಾತ್ರ.

"ಇಲ್ಲ ಗಿರಿಜಾ. ಏನೂ ಸದ್ದಿಲ್ಲ."

"ನನಗೆ ಕೇಳ್ಸ್ತು."

"ಸರಿಯಾಗಿ ಕೇಳಿದೀನಿ. ಇಲ್ಲ."

"ಇಷ್ಟು ದಿನ ನನಗೆ ಕೇಳ್ಸ್ದಿದ್ರೂ ನಿಮ್ಮ ಕಿವಿ ನಂಬ್ಕೊಂಡು ಬರ್ಲಿಲ್ವಾ ನಾನು?" ಎಂದಳು ಅಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ. "ಇವತ್ತೊಂದು ದಿನ ನನ್ನ ಕಿವಿ ನಂಬಿ."

ಭಾವ ಪೂರ್ತಿ ಕತ್ತು ತಿರುಗಿಸಿ ಅವಳನ್ನು ನೋಡಿದರು. ಆಮೇಲೆ ಮುಂದಕ್ಕೆ ತಿರುಗಿ, "ಸರಿ. ತೋರ್ಸೋಣ" ಎಂದರು.

ಭಾನುವಾರವಾದರೂ ಚಂದ್ರು ಗ್ಯಾರೇಜು ತೆರೆದುಕೊಂಡು ಕಾದಿದ್ದ. ಅಕ್ಕ ಮೊದಲೇ ಫೋನ್ ಮಾಡಿದ್ದಳೆಂದು ಆಗ ಗೊತ್ತಾಯಿತು. ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಇಳಿಯುವ ಮುಂಚೆ ತಾನೇ ಕೆಳಗಿನ ಸರಳು ಎಳೆದು ಸೀಟನ್ನು ಕೊನೆಯವರೆಗೆ ಹಿಂದಕ್ಕೆ ತಳ್ಳಿಟ್ಟಳು. ಹೊಂಗೆ ಮರದ ಕೆಳಗೆ ಹೋಗಲಿಲ್ಲ. ಸುತ್ತಿ ಬಂದು, ಎಡಗಡೆಯ ಬಾಗಿಲು ತೆಗೆದು, ಭಾವ ಎದ್ದ ಸೀಟಿನಲ್ಲಿ ಸೆರಗು ಸರಿಮಾಡಿಕೊಂಡು ಕೂತಳು.

ಭಾವ ಚಪ್ಪಲಿ ಬಿಟ್ಟು ಹತ್ತಿದರು. ಕನ್ನಡಿ ಸರಿಮಾಡಿಕೊಂಡರು. ಎಂಜಿನ್ ಹತ್ತಿತು. ಚಂದ್ರು ಎಡಕ್ಕೆ ಎಂದ, ಬಲಕ್ಕೆ ಎಂದ, ಕೆಳಗೆ ಒಂದೊಂದು ಕೀಲನ್ನೂ ಹಿಡಿದು ನೋಡಿದ.

"ಏನೂ ಇಲ್ಲ ಅಮ್ಮಾವ್ರೇ. ಎಲ್ಲಾ ಬಿಗಿಯಾಗೈತೆ."

"ಇನ್ನೊಂದ್ಸಲ ನೋಡಪ್ಪ ಚಂದ್ರು" ಎಂದಳು ಅಕ್ಕ. "ನಮಗೇನೂ ಆತುರ ಇಲ್ಲ."

ಭಾವ ಸ್ಟೇರಿಂಗನ್ನು ಮತ್ತೆ ನಿಧಾನವಾಗಿ ಎಡಕ್ಕೆ, ಅಕ್ಕನ ಕಡೆಗೆ, ತಿರುಗಿಸಿದರು.