ನೋಡುವ ಮೊದಲೇ ಮುಗಿದ ಫೈನಲ್

ಇವತ್ತು ದಿ ಪಾಂಡ್ಸ್ ಬಡಾವಣೆಯಲ್ಲಿ ಕೆಲಸದ ಮೇಲೆ ಯಾರದೋ ಗ್ಯಾರೇಜ್ ಖಾಲಿ ಮಾಡುವಾಗ ಹಳೇ ವಿಡಿಯೋ ಕ್ಯಾಸೆಟ್ಟುಗಳು ಸಿಕ್ಕವು. ಆ ಪ್ಲಾಸ್ಟಿಕ್ ವಾಸನೆಗೇ ಸಿಟ್ಟು ನೆತ್ತಿಗೇರಿತು.

ನಾನು ಹುಡುಗನಾಗಿದ್ದಾಗ ಟೊರಾಂಟೋದ ಸೋದರಮಾವ ಅಲ್ಲಿನ ಐಸ್ ಹಾಕಿ ಲೀಗಿನ ಒಂದಿಡೀ ಸೀಸನ್ನನ್ನು ಕ್ಯಾಸೆಟ್ಟುಗಳಲ್ಲಿ ಕಳಿಸಿದ್ದರು. ಇಲ್ಲಿ ಹ್ಯಾರಿಸ್ ಪಾರ್ಕಿನ ನಮ್ಮ ಫ್ಲ್ಯಾಟಿನ ಸೆಖೆಯಲ್ಲಿ ಬನಿಯನ್ ತೊಟ್ಟು ಕೂತು ಒಂದೊಂದನ್ನೂ ನೋಡಿದೆ. ಫೈನಲ್ ಬಂದಾಗ ಮಾತ್ರ ಅಪ್ಪ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಮ್ಯಾಥ್ಸಲ್ಲಿ ಎಂಬತ್ತು ತಗೋ, ಆಮೇಲೆ ನೋಡು."

ನಾನು ನಿಜಕ್ಕೂ ಕೂತು ಓದಿದೆ, ಎಂಬತ್ತೆರಡು ಬಂತು. ಅಪ್ಪ ಮಾರ್ಕ್ಸ್ ಕಾರ್ಡನ್ನು ಎರಡು ಸಲ ನೋಡಿ ಕ್ಯಾಸೆಟ್ ತೆಗೆದುಕೊಟ್ಟರು. "ನಾನೂ ಪಕ್ಕದ ಮನೆ ಮೂರ್ತಿ ಅಂಕಲ್ಲೂ ಆಗಲೇ ನೋಡಿದ್ವಿ ಕಣೋ. ನಿನ್ನ ಟೀಮು ಸೋತಿತು."

"ಯಾಕಪ್ಪ ಹೇಳಿದ್ರಿ?"

"ರಿಸಲ್ಟ್ ತಾನೇ ಬೇಕಾಗಿದ್ದು? ಮೂರು ಗಂಟೆ ಉಳೀತು ಬಿಡು, ಹೋಗಿ ಓದ್ಕೋ."

ಆ ಕ್ಯಾಸೆಟ್ ನಾನು ನೋಡಲೇ ಇಲ್ಲ. ಮುಂದೆ ಸ್ಕೂಲ್ ಬಿಟ್ಟದ್ದು ಇದರಿಂದಲೇ ಅಂದರೆ ಸುಳ್ಳಾಗುತ್ತದೆ. ಆದರೆ ಬಹುಮಾನದ ಆಸೆಗೆ ಮತ್ತೆಂದೂ ಓದಲಿಲ್ಲ.

ಇವತ್ತು ಗ್ಯಾರೇಜಿನಿಂದಲೇ ಅಪ್ಪನಿಗೆ ಫೋನ್ ಮಾಡಿ, ಆ ಫೈನಲ್ ನೆನಪಿದೆಯಾ ಅಂತ ಕೇಳಿದೆ.

"ಯಾವ ಮ್ಯಾಚೋ ಗೊತ್ತಿಲ್ಲ. ನಿಂಗೆ ಎಂಬತ್ತೆರಡು ಬಂದಿದ್ದ ವರ್ಷ ತಾನೇ?"