ಮೂರನೇ ಬೇಸಿನಿಂದ ಓಡಿ ಬಂದ ಮಗಳು

ಬೇಸ್‌ಬಾಲ್ ಎಂದರೆ ಹೆಚ್ಚು ಹೊತ್ತು ನಿಂತು, ಕಡಿಮೆ ಹೊತ್ತು ಆಡುವ ಆಟ ಎಂದು ನಾನು ಬಹಳ ವರ್ಷ ಹೀಯಾಳಿಸಿದ್ದೇನೆ. ಮಂಡ್ಯದ ಕಾಲೇಜು ಟೀಮಿನಲ್ಲಿ ಕ್ರಿಕೆಟ್ ಆಡಿದವನು ನಾನು. ಸಮುದ್ರ ದಾಟಿ ಮಿಲ್ಪಿಟಾಸ್‌ಗೆ ಬಂದು ಸಂಸಾರ ಹೂಡಿದ ಮೇಲೂ ಭಾನುವಾರದ ಕ್ರಿಕೆಟ್ ಬಿಟ್ಟಿರಲಿಲ್ಲ. ಹಾಗಾಗಿ ಎಂಟು ವರ್ಷದ ಮಗಳು ಬೇಸ್‌ಬಾಲ್ ಸೇರುತ್ತೇನೆ ಎಂದಾಗ, ಎರಡು ತಿಂಗಳಲ್ಲಿ ತಾನಾಗಿ ಬಿಡುತ್ತಾಳೆ ಎಂದುಕೊಂಡೇ ಹೂಂ ಎಂದಿದ್ದೆ. ಅವಳು ಬಿಡಲಿಲ್ಲ. ಹದಿನಾಲ್ಕು ತುಂಬುವವರೆಗೂ ಆಡಿದಳು, ಟೀಮಿನಲ್ಲಿ ಅವಳೊಬ್ಬಳೇ ಹುಡುಗಿ.

ಅವಳಿಗಿದ್ದದ್ದು ಒಂದೇ ಹುಚ್ಚು. ಒಂದು ಸಲವಾದರೂ ಹೋಮ್ ಸ್ಟೀಲ್ ಮಾಡಬೇಕು. ಅಂದರೆ ಮೂರನೇ ಬೇಸಿನಲ್ಲಿ ನಿಂತವರು ಬ್ಯಾಟು ಹಿಡಿದವರ ಹೊಡೆತಕ್ಕೆ ಕಾಯದೆ, ಪಿಚರ್ ಚೆಂಡು ಎಸೆಯುತ್ತಿರುವಾಗಲೇ, ಬ್ಯಾಟಿನವರು ನಿಂತಿರುವ ಹೋಮ್ ಪ್ಲೇಟಿಗೆ ಓಡಿ ಬಂದು ರನ್ ಗಳಿಸುವುದು. ಚಿಕ್ಕ ಮಕ್ಕಳ ಆಟದಲ್ಲಿ ಚೆಂಡು ಬ್ಯಾಟಿನ ಬಳಿ ತಲುಪುವವರೆಗೆ ಬೇಸಿನಿಂದ ಕಾಲು ತೆಗೆಯುವಂತಿಲ್ಲ. ಹದಿನಾಲ್ಕರ ಆ ವರ್ಷ ಅವಳು ದೊಡ್ಡ ಮಕ್ಕಳ ಮೈದಾನದಲ್ಲಿದ್ದಳು, ಮುಂಚೆಯೇ ಬೇಸು ಬಿಟ್ಟು ಮುಂದೆ ಸರಿದು ನಿಲ್ಲಬಹುದಿತ್ತು. ಆದರೆ ಅವಳ ಕೋಚು ಎಚ್ಚರಿಕೆಯ ಮನುಷ್ಯ. ಕಾಲಿಗಿಂತ ಚೆಂಡು ಬೇಗ ಬರುತ್ತದೆ ಎನ್ನುವುದು ಅವನ ವಾದ. ಅವಳು ಮೂರನೇ ಬೇಸು ತಲುಪಿದಾಗಲೆಲ್ಲ ಅಂಗೈ ಎತ್ತಿ ತಡೆಯುತ್ತಿದ್ದ. ಮುಂದಿನ ವರ್ಷ ಹೈಸ್ಕೂಲು, ಅಲ್ಲಿ ಹುಡುಗಿಯರಿಗೆ ಸಾಫ್ಟ್‌ಬಾಲು. ಅದರಲ್ಲಿ ಚೆಂಡು ಪಿಚರ್ ಕೈ ಬಿಡುವವರೆಗೂ ಕಾಲು ಬೇಸಿನ ಮೇಲೇ ಇರಬೇಕು. ಅವಳ ಲೆಕ್ಕದಲ್ಲಿ, ಈ ವರ್ಷ ಆಗದಿದ್ದರೆ ಇನ್ನು ಇಲ್ಲ.

ಸೀಸನ್ನು ಮುಗಿದ ಮೇಲೆ ಒಂದು ತಮಾಷೆಯ ಪಂದ್ಯ ಇರುತ್ತದೆ. ಎರಡೂ ಕಡೆ ಅರ್ಧ ಮಕ್ಕಳು, ಅರ್ಧ ಅಪ್ಪ ಅಮ್ಮಂದಿರು. ಕೋಚು ಪಿಜ್ಜಾ ಹಂಚುವುದರಲ್ಲಿ ಇರುತ್ತಾನೆ, ತಡೆಯುವವರಿಲ್ಲ. ಬ್ಯಾಟಿಂಗ್ ಸರದಿಯಲ್ಲಿ ನನ್ನನ್ನು ತನ್ನ ಹಿಂದೆಯೇ ಹಾಕಿಸಿಕೊಂಡಳು. ಹಿಂದಿನ ವಾರ ರೆಡ್‌ವುಡ್ ಸಿಟಿಯ ಆಫೀಸಿನಿಂದ ಫ್ರೀವೇಯಲ್ಲಿ ತೆವಳಿ ಮನೆಗೆ ಬಂದವನನ್ನು ಊಟದ ಮೇಜಿಗೆ ಕೂರಿಸಿ ಪಾಠ ಶುರು ಮಾಡಿದಳು. ಉಪ್ಪಿನ ಡಬ್ಬಿ ಪಿಚರ್, ಉಪ್ಪಿನಕಾಯಿ ಬಾಟಲಿ ವಿಕೆಟ್‌ಕೀಪರಿನಂತೆ ಪ್ಲೇಟಿನ ಹಿಂದೆ ಕೂರುವ ಕ್ಯಾಚರ್, ಒಂದು ಕಡಲೇಬೀಜ ಅವಳು. ನನಗೆ ಚಮಚದ ಪಾತ್ರ.

ಎಡಗೈಯ ಪಿಚರ್ ಸಿಕ್ಕರೆ ಅದೃಷ್ಟ, ಅವನು ಎಸೆಯಲು ನಿಂತಾಗ ಮೂರನೇ ಬೇಸಿಗೆ ಬೆನ್ನು ಇರುತ್ತದೆ ಎಂದಳು. ಒಮ್ಮೆ ಎಸೆಯಲು ಶುರು ಮಾಡಿದ ಮೇಲೆ ಅವನು ನಡುವೆ ನಿಲ್ಲಿಸುವಂತಿಲ್ಲವಂತೆ. ನಿಲ್ಲಿಸಿದರೆ ಓಡುವವರಿಗೆ ಒಂದು ಬೇಸು ಪುಕ್ಕಟೆ. ಮುಂದೆ ಸರಿದು ನಿಲ್ಲುವಾಗ ಗೆರೆಯ ಹೊರಗೇ ಇರಬೇಕು, ಒಳಗಿದ್ದು ಹೊಡೆದ ಚೆಂಡು ಮೈಗೆ ತಗುಲಿದರೆ ಔಟು. ನನ್ನ ಕೆಲಸ ಇನ್ನೂ ಸುಲಭ. ಬಲಗೈ ಬ್ಯಾಟಿನವನು ನಿಲ್ಲುವುದು ಮೂರನೇ ಬೇಸಿನ ಕಡೆಗೇ ಆದ್ದರಿಂದ, ಅವಳು ಬರುವುದು ಕ್ಯಾಚರ್ ಕಣ್ಣಿಗೆ ಬೀಳದಂತೆ ನನ್ನ ಮೈಯೇ ಮರೆ. ಬ್ಯಾಟು ಬೀಸಬಾರದು, ಬೀಸಿದರೆ ಅವಳ ತಲೆಗೇ ಬಿದ್ದೀತು. ಅವಳು ಹತ್ತಿರ ಬಂದಾಗ ಒಂದೇ ಹೆಜ್ಜೆ ಹಿಂದೆ ಸರಿದರೆ ಮುಗಿಯಿತು. ಅವಳು ಟೋಪಿಯ ಅಂಚನ್ನು ಎರಡು ಸಲ ಮುಟ್ಟಿದರೆ ಓಡುತ್ತೇನೆ ಎಂದರ್ಥ, ನಾನು ಬ್ಯಾಟಿನಿಂದ ಶೂ ತಟ್ಟಿದರೆ ಗೊತ್ತಾಯಿತು ಎಂದರ್ಥ. ಇಷ್ಟನ್ನೂ ನಾಲ್ಕು ದಿನ ನನ್ನಿಂದ ಒಪ್ಪಿಸಿಕೊಂಡಳು. ಹೆಂಡತಿ ಬಂದು ಉಪ್ಪಿನಕಾಯಿ ಬಾಟಲಿ ಎತ್ತಿಕೊಂಡು ಹೋಗುವವರೆಗೂ ಪಾಠ ನಡೆಯುತ್ತಿತ್ತು.

ಪಂದ್ಯದ ದಿನ ದೇವರು ಎಲ್ಲವನ್ನೂ ಕೂಡಿಸಿಕೊಟ್ಟಿದ್ದ. ಕೊನೆಯ ಇನ್ನಿಂಗ್ಸು, ರನ್ನು ಸಮ ಸಮ, ನಮ್ಮವರು ಇಬ್ಬರು ಔಟು, ಮೂರನೆಯವರು ಔಟಾದರೆ ನಮ್ಮ ಸರದಿ ಮುಗಿದಂತೆ. ಮಗಳು ಹೊಡೆದ ಚೆಂಡನ್ನು ಯಾರದೋ ಅಮ್ಮ ಬೇಲಿಯವರೆಗೆ ಅಟ್ಟಿಸಿಕೊಂಡು ಹೋಗುವಷ್ಟರಲ್ಲಿ ಅವಳು ಮೂರನೇ ಬೇಸಿನಲ್ಲಿದ್ದಳು. ಎಸೆಯುತ್ತಿದ್ದವರು ಒಬ್ಬ ಹುಡುಗನ ತಂದೆ, ಡೆಂಟಿಸ್ಟು, ಅದೂ ಎಡಗೈಯವರು. ಹಲ್ಲು ಕೀಳುವಷ್ಟೇ ನಿಧಾನವಾಗಿ ಕೈ ಎತ್ತುತ್ತಿದ್ದರು. ನಾನು ಬ್ಯಾಟು ಹಿಡಿದು ನಿಂತೆ. ಮಗಳು ಟೋಪಿಯ ಅಂಚು ಎರಡು ಸಲ ಮುಟ್ಟಿದಳು. ನಾನು ಶೂ ತಟ್ಟಿದೆ.

ಡೆಂಟಿಸ್ಟರು ಕಾಲು ಎತ್ತಿದರು, ಅವಳು ಬಿಟ್ಟ ಬಾಣದ ಹಾಗೆ ಹೊರಟಳು. ಅಷ್ಟು ವೇಗದ ಓಟ ಅವಳದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿಕೊಂಡು ನೇರ ನನ್ನತ್ತ ಬರುತ್ತಿದ್ದಾಳೆ, ಅರ್ಧ ದಾರಿ ದಾಟಿದ್ದಾಳೆ, ಚೆಂಡು ಇನ್ನೂ ಗಾಳಿಯಲ್ಲಿದೆ. ಆಗ ನಾನು ಓಡಿದೆ.

ಮೂರನೇ ಬೇಸಿನ ಕಡೆಗೆ, ಬ್ಯಾಟು ಕೈಯಲ್ಲೇ ಹಿಡಿದು, ಅದನ್ನು ನೆಲಕ್ಕೆ ತಾಗಿಸಲು ಸಿದ್ಧನಾಗಿ ಓಡಿದೆ. ಹುಟ್ಟುಗುಣ ಸುಟ್ಟರೂ ಹೋಗದು. ಎದುರಿನಿಂದ ಜೊತೆಗಾರ ಓಡಿ ಬಂದರೆ ಈ ಕಾಲುಗಳು ಮೂವತ್ತು ವರ್ಷದಿಂದ ಮಾಡಿದ್ದು ಅದನ್ನೇ. ನಡುದಾರಿಯಲ್ಲಿ ನಾವಿಬ್ಬರೂ ಎದುರುಬದುರಾದೆವು. ಅವಳ ಮುಖ ಕಂಡಾಗಲೇ ನನಗೆ ಎಲ್ಲಿದ್ದೇನೆ ಎಂಬ ಎಚ್ಚರ ಬಂದದ್ದು. ಹಿಂದೆ ಮರೆಯಿಲ್ಲದ ಪ್ಲೇಟು, ಚೆಂಡು ಹಿಡಿದು ಆರಾಮವಾಗಿ ಕಾಯುತ್ತಿದ್ದ ಕ್ಯಾಚರ್. ಅವಳು ನನ್ನನ್ನು ತಪ್ಪಿಸಿಕೊಂಡು ಮಣ್ಣಿನಲ್ಲಿ ಜಾರಿದಾಗ ಪ್ಲೇಟು ಮುಟ್ಟುವ ಮೊದಲೇ ಚೆಂಡಿದ್ದ ಅವನ ಗ್ಲೌಸು ಅವಳ ಭುಜದ ಮೇಲಿತ್ತು. ಔಟು.

ಮೈದಾನವೆಲ್ಲ ನಕ್ಕಿತು. ಡೆಂಟಿಸ್ಟರು ಬಂದು ನನ್ನ ಬೆನ್ನು ತಟ್ಟಿದರು. ಹೆಂಡತಿ ಮಾತ್ರ ನಗದೆ, "ರೀ, ನಿಮ್ ಕ್ರಿಕೆಟ್ಟನ್ನ ಇವತ್ತೊಂದಿನ ಮನೇಲಿ ಬಿಟ್ ಬರಕ್ಕಾಗ್ತಿರ್ಲಿಲ್ವಾ?" ಎಂದಳು. ಮಗಳು ಮೊಣಕೈಯ ಮಣ್ಣು ಒರೆಸಿಕೊಂಡು ಎಲ್ಲರ ಕೈ ಕುಲುಕಿದಳು, ಪಿಜ್ಜಾ ಮುಟ್ಟಲಿಲ್ಲ. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು. ಅದನ್ನು ಕಾರಿನ ಡಿಕ್ಕಿಯನ್ನು ಧಡಾರನೆ ಮುಚ್ಚಿ ತೀರಿಸಿಕೊಂಡೆ.

ಹೆಂಡತಿ ತನ್ನ ಕಾರಿನಲ್ಲಿ ಗ್ರೋಸರಿಗೆ ಹೋದಳು. ನಾನೂ ಮಗಳೂ ಮನೆಯ ಕಡೆ ಹೊರಟೆವು. ಎರಡು ಸಿಗ್ನಲ್ಲು ದಾಟುವವರೆಗೆ ಅವಳು ಕಿಟಕಿಯಾಚೆಗೇ ನೋಡುತ್ತಿದ್ದಳು. ನನ್ನ ಜೊತೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಆಮೇಲೆ ಕನ್ನಡದಲ್ಲಿ ಕೇಳಿದಳು.

"ಯಾಕೆ ಓಡ್ದೆ, ಅಪ್ಪ?"

ಮರೆತೆ ಎಂದುಬಿಡಬಹುದಿತ್ತು, ಆದರೆ ಅದು ಸುಳ್ಳು. ಕ್ರಿಕೆಟ್ಟಿನಲ್ಲಿ ಇಬ್ಬರೂ ಒಂದೇ ಕಡೆ ಸೇರಿಬಿಟ್ಟರೆ ಒಬ್ಬರು ಔಟಾಗಲೇಬೇಕು ಎಂದು ಹೇಳಿದೆ. ಅಂಥ ಹೊತ್ತಿಗೆಂದು ನಮ್ಮ ಕಾಲೇಜು ಟೀಮಿನಲ್ಲಿ ಒಂದು ಪದ್ಧತಿ ಇತ್ತು. ಚೆನ್ನಾಗಿ ಆಡುತ್ತಿರುವವನನ್ನು ಉಳಿಸಿ ಇನ್ನೊಬ್ಬ ಆಚೆ ಕಡೆಗೆ ಓಡಿ ತಾನೇ ಔಟಾಗುತ್ತಿದ್ದ. ನಾನು ಆರನೇ ನಂಬರಿನವನು, ಹಾಗೆ ಎಷ್ಟೋ ಸಲ ಔಟಾಗಿದ್ದೇನೆ. ಈ ದಿನ ನೀನು ಬರುವುದು ಕಂಡಾಗ, ನಾನು ಇಲ್ಲೇ ನಿಂತರೆ ಇವಳು ಔಟಾಗುತ್ತಾಳೆ ಎಂದಷ್ಟೇ ತಲೆಗೆ ಬಂತು ಎಂದೆ.

ಅವಳು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದಳು.

"ಸೋ, ನೀನು ನನಗೋಸ್ಕರ ಔಟ್ ಆಗಕ್ಕೆ ಓಡಿದ್ದಾ?"

"ಹೂಂ."

"ಬಟ್ ಅಪ್ಪ, ನಾನು ಸೇಫ್ ಇದ್ದೆ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ವಾದ ಹೂಡುತ್ತಿದ್ದೆನೋ ಏನೋ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ತಿಳಿಯದ ಒಂದು ವಿಷಯವನ್ನು ತಿಳಿಸುವಂತೆ ಹೇಳಿದ್ದಳು. ಅದಕ್ಕೇ ಎದೆಗೆ ನಾಟಿತು. ಅವಳು ಹೊರಟಿದ್ದ ಸಮಯ ಸರಿಯಿತ್ತು, ಓಟ ಸರಿಯಿತ್ತು, ಪ್ಲೇಟು ಅವಳದೇ ಆಗುತ್ತಿತ್ತು. ಔಟಾಗುತ್ತಾಳೆ ಎಂದುಕೊಂಡವನು ನಾನು, ಔಟು ಮಾಡಿಸಿದವನೂ ನಾನೇ. ಮಗಳು ಎಡವಿದಾಗ ಹಿಡಿದದ್ದು ನೆನಪಿತ್ತೇ ಹೊರತು, ಅವಳು ಎಡವುವುದನ್ನು ಯಾವಾಗ ಬಿಟ್ಟಳು ಎಂದು ನಾನು ನೋಡಿಯೇ ಇರಲಿಲ್ಲ.

ಮನೆಯ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, "ತಪ್ಪಾಯ್ತು ಕಣಮ್ಮ" ಎಂದೆ. ಹದಿನಾಲ್ಕು ವರ್ಷದಲ್ಲಿ ಅವಳಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಅವಳು ಸೀಟ್‌ಬೆಲ್ಟು ಬಿಚ್ಚಿದಳು, ಆದರೆ ಕಾರಿನಿಂದ ಇಳಿಯದೆ ನನ್ನ ಭುಜಕ್ಕೆ ತಲೆ ಒರಗಿಸಿದಳು.